ವಾಟರ್ ಪಾರ್ಕಿಗೆ ಎರಡು ಸಲ ಹೋಗಿ ಬಂದ್ವಿ: ಬ್ಯಾಗ್ ಕಾಯಕ್ಕೆ ಅಂತ ಹಿರಿಯರನ್ನ ಕೂರಿಸ್ಬೇಡಿ

ಸ್ಟಾರ್ ಕೊಡ್ಬೇಕು ಅಂದ್ರೆ ಆಟಗಳಿಗೆ ನಾಲ್ಕು, ಲಾಕರಿಗೆ ಒಂದೂವರೆ, ಹೊರಗಿನ ಪಾರ್ಕಿಂಗ್ ಜಾಗಕ್ಕೆ ಒಂದು. ಪಾರ್ಕಿನ ಹೆಸರು ಬೇಕಂತಲೇ ಹಾಕ್ತಿಲ್ಲ. ನಮಗೆ ಆಗಿದ್ದು ಯಾವ ಪಾರ್ಕಿನ ಮುಂದೆ ಬೇಕಾದ್ರೂ ಆಗಬಹುದಿತ್ತು, ನಮ್ಮ ದುಗ್ಗಮ್ಮನ ಜಾತ್ರೆಲೂ ಆಗಬಹುದಿತ್ತು. ರಜೆ ಬಂತು, ದಾವಣಗೆರೆಯಿಂದ ಗಾಡಿ ಮಾಡ್ಕಂಡು ಹೊರಡೋರು ಬಾಳ ಜನ ಇರ್ತೀರಿ, ಹೊರಡೋ ಮುಂಚೆ ಇದನ್ನ ಒಂದ್ಸಲ ಓದಿ.

ಹೋದ ವರ್ಷ ಮೇ ತಿಂಗಳು, ಒಂದು ಕ್ರೂಸರ್ ಮಾಡ್ಕಂಡು ಒಂಬತ್ತು ಜನ ಹೋಗಿದ್ವಿ. ನಾನು, ನಮ್ಮನೆಯವರು, ಮೈದುನ, ನಾದಿನಿ, ಅವಳ ಗಂಡ, ಮೂರು ಮಕ್ಕಳು, ಮತ್ತೆ ಅತ್ತೆ. ಚಿತ್ರಾನ್ನ, ಮೊಸರನ್ನ, ಒಂದು ದೊಡ್ಡ ಕವರ್ ತುಂಬ ಮಂಡಕ್ಕಿ. ಭರಮಸಾಗರ ಬರೋ ಹೊತ್ತಿಗೇ ಹುಡುಗ್ರು ಮಂಡಕ್ಕಿ ಅರ್ಧ ಖಾಲಿ ಮಾಡಿದ್ವು. ಒಳಗೆ ಹೊರಗಿನ ಊಟ ಬಿಡಲ್ಲ ಅಂತ ಗೊತ್ತಿತ್ತು, ಮಧ್ಯಾಹ್ನ ಕೈಗೆ ಸೀಲ್ ಹಾಕಿಸ್ಕಂಡು ಹೊರಗೆ ಬಂದು ಮರದ ಕೆಳಗೆ ಉಂಡು ಮತ್ತೆ ಒಳಗೆ ಹೋಗೋದು ಅಂತ ಪ್ಲಾನು. ಅತ್ತೆಗೆ ನೀರಲ್ಲಿ ಇಳಿಯೋ ಆಸೆ ಇಲ್ಲ, ನಾನು ಮರದ ಕೆಳಗೆ ಕೂತಿರ್ತೀನಿ ನೀವು ಹೋಗಿ ಬರ್ರಿ ಅಂದ್ರು, ನಾವು ಹೂಂ ಅಂದ್ವಿ, ತಪ್ಪು ಅಲ್ಲಿಂದಲೇ ಶುರುವಾಗಿದ್ದು.

ಗಾಡಿ ಬಾಗ್ಲು ತೆಗೆಯೋದ್ರೊಳಗೆ ಮಾರೋರು ಸುತ್ಕಂಡ್ರು. ಫೋನ್ ಹಾಕೋ ಪ್ಲಾಸ್ಟಿಕ್ ಪೌಚು, ಟೋಪಿ, ಕೂಲಿಂಗ್ ಗ್ಲಾಸು, ಗುಳ್ಳೆ ಬಿಡೋ ಗನ್ನು, ಕೈ ಮೇಲೆ ಒತ್ತೋ ಟ್ಯಾಟೂ. ಟ್ಯಾಟೂನೋನು ನನ್ನ ಚಿಕ್ಕ ಮಗಳ ಕೈ ಹಿಡ್ದು ಚಿಟ್ಟೆ ಅಚ್ಚು ಒತ್ತೇ ಬಿಟ್ಟ, ನಾನು ತಿರುಗಿ ನೋಡೋದ್ರೊಳಗೆ ಆಗಿಹೋಗಿತ್ತು, ಫ್ರೀ ಅನ್ಕಂಡ್ರೆ 50 ರೂಪಾಯಿ ಕೊಡಿ ಅಕ್ಕ ಅಂದ. ಅಳಿಸಕ್ಕಾಗಲ್ಲ, ಮಗಳು ಖುಷಿಯಾಗಿ ಕೈ ಎತ್ತಿ ತೋರಿಸ್ತಿದಾಳೆ, ಕೊಟ್ಟೆ. ಪೌಚಿಗೆ 150 ಹೇಳಿದ್ರು, ಅದೇ ಥರದ್ದು ನಮ್ಮ ಮಂಡಿಪೇಟೆಲಿ 60ಕ್ಕೆ ನೋಡಿದ್ದೆ. ನಾದಿನಿ ಗಂಡ 'ಬೇಡ' ಅನ್ನೋ ಬದಲು 'ಆಮೇಲೆ ನೋಡನ' ಅಂದ್ರು. ಈ ಮಾತು ದಯವಿಟ್ಟು ಯಾರೂ ಹೇಳ್ಬೇಡಿ, ಆಮೇಲೆ ಅಂದಿದ್ದನ್ನ ಅವ್ರು ಮರೆಯಲ್ಲ. ಮಧ್ಯಾಹ್ನ ಊಟಕ್ಕೆ ಬಂದಾಗ್ಲೂ ಅದೇ ಹುಡುಗ 'ಅಣ್ಣ ಆಮೇಲೆ ಅಂದಿದ್ರಿ' ಅಂತ ತಟ್ಟೆ ಮುಂದೆ ಬಂದು ನಿಂತ.

ಲಾಕರ್ ವಿಷ್ಯ ಹೇಳ್ತೀನಿ. ಬಾಡಿಗೆ, ಅದ್ರ ಮೇಲೆ 100 ರೂಪಾಯಿ ಡೆಪಾಸಿಟ್, ಎಲಾಸ್ಟಿಕ್ ಬ್ಯಾಂಡಿಗೆ ಸಿಗಿಸಿದ ಕೀ, ನಂಬರ್ 47. ಬಾಗ್ಲು ಹಾಕಿದ್ರೂ ಕೆಳಗಿನ ಮೂಲೆ ಬೆರಳು ಹೋಗೋವಷ್ಟು ಬಾಯಿ ಬಿಡ್ತಿತ್ತು. ಮೈದುನ ಸುಮ್ನೆ ಪಕ್ಕದ 48ಕ್ಕೆ ನಮ್ಮ ಕೀ ಹಾಕಿ ತಿರುಗಿಸಿದ, ತಿರುಗ್ತು. ಕೌಂಟರಿನಲ್ಲಿ ಹೋಗಿ ಹೇಳಿದ್ವಿ, 'ಏನೂ ಆಗಲ್ಲ ಸರ್, ಎಲ್ಲಾ ಹಂಗೇ ಇರೋದು' ಅಂದ್ರು. ಅವ್ರ ತಲೆ ಮೇಲೇ ಬೋರ್ಡು, ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು. ಕೀ ಕೊಟ್ಟು ದುಡ್ಡು ಇಸ್ಕಂಡ ಮೇಲೆ ಒಂದು ಬೋರ್ಡ್ ಬರೆದು ಎಲ್ಲಾ ಜವಾಬ್ದಾರಿ ಕೈತೊಳ್ಕಳಕ್ಕೆ ಬರಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು. ಹೋಟೆಲ್ ಸಿಬ್ಬಂದಿ ಕೈಗೆ ಕಾರ್ ಕೀ ಕೊಟ್ಟು ಪಾರ್ಕ್ ಮಾಡಿಸಿದ್ದ ಗಿರಾಕಿ ಕಾರ್ ಕಳುವಾದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದ್ದು ಇದನ್ನೇ, ಚೀಟಿಲಿ 'ಮಾಲೀಕರದ್ದೇ ರಿಸ್ಕ್' ಅಂತ ಅಚ್ಚು ಹಾಕಿದ ಮಾತ್ರಕ್ಕೆ ತಮ್ಮ ನಿರ್ಲಕ್ಷ್ಯದಿಂದ ಹೋಟೆಲಿನೋರು ತಪ್ಪಿಸ್ಕಳಕ್ಕಾಗಲ್ಲ ಅಂತ. ಅದು ಕಾರಿನ ಕೇಸು, ಲಾಕರಿಂದಲ್ಲ, ಆದ್ರೂ ಬೋರ್ಡ್ ನೋಡಿ ಬಾಯಿ ಮುಚ್ಕಂಡು ಬರೋದು ಬೇಡ, ಲಾಕರ್ ಚೀಟಿ ಜೋಪಾನವಾಗಿಟ್ಕಳಿ, ಸಡಿಲ ಬಾಗ್ಲಿನ ಫೋಟೋ ಒಂದು ತೆಕ್ಕಳಿ.

ನಾವು ಅವತ್ತು ಏನು ಮಾಡಿದ್ವಿ ಅಂದ್ರೆ, ಲಾಕರ್ ನಂಬೋದು ಬೇಡ, ಅತ್ತೆ ಹತ್ರ ಇದ್ರೆ ಸೇಫ್ ಅಂತ ಎಲ್ಲಾ ತಂದು ಅವರ ಮಡ್ಲಿಗೆ ಹಾಕಿದ್ವಿ. ನಾದಿನಿ ಕಿವಿ ಜುಮುಕಿ ಬಿಚ್ಚಿ ಒಂದು ಚಿಕ್ಕ ಪರ್ಸಲ್ಲಿ ಹಾಕಿದ್ಲು, ಅದ್ರಲ್ಲೇ 2,300 ರೂಪಾಯಿ, ಮೈದುನನ ಫೋನು. ಆ ಪರ್ಸು ಅತ್ತೆ ಎಲೆ ಅಡಿಕೆ ಸಂಚಿ ಪಕ್ಕ. ಸುತ್ತಲೂ ಊಟದ ಬುಟ್ಟಿ, ಬಟ್ಟೆ ಬ್ಯಾಗುಗಳು, ಚಪ್ಪಲಿಗಳು, ನೀರಿನ ಕ್ಯಾನು. ಅರವತ್ತೆಂಟು ವರ್ಷದ ಹೆಂಗಸು ಎಂಟು ಬ್ಯಾಗಿನ ಮಧ್ಯೆ, ಎದ್ದು ಬಾತ್ರೂಮಿಗೆ ಹೋಗಕ್ಕೂ ಆಗದ ಹಂಗೆ ಕೂರಿಸಿ ನಾವು ಒಳಗೆ ಹೋದ್ವಿ.

ಊಟ ಆಯ್ತು, ಎಲ್ರೂ ಮತ್ತೆ ಒಳಗೆ. ಮೂರೂವರೆ ಸುಮಾರಿಗೆ ನಾನು ಮಗಳಿಗೆ ಟವೆಲ್ ತಗೊಳ್ಳಕ್ಕೆ ಅಂತ ಹೊರಗೆ ಬಂದ್ರೆ ಅತ್ತೆ ಮುಂದೆ ಒಬ್ಬ ಬಳೆ ಮಾರೋ ಹೆಣ್ಮಗಳು ಕೂತು ಎಡಗೈಗೆ ಬಳೆ ತೊಡಸ್ತಿದಾಳೆ. ಗಾಜಿನ ಬಳೆ ತೊಡಸೋದು ನೋಡಿರ್ತೀರಲ್ಲ, ಹೆಬ್ಬೆರಳನ್ನ ಅಂಗೈ ಒಳಗೆ ಮಡಚಿ, ಗಿಣ್ಣು ಅದುಮಿ, ನಿಧಾನಕ್ಕೆ ತಿರುಗಿಸ್ತಾ ಏರಿಸ್ತಾರೆ. ಒಡೀಬಾರ್ದು ಅಂತ ತೊಡಸೋಳ ಗಮನ ಎಲ್ಲಾ ಕೈ ಮೇಲೆ, ನೋವು ತಡ್ಕಳೋಳ ಗಮನನೂ ಕೈ ಮೇಲೆ. ಅತ್ತೆ ಬೇಡ ಬೇಡ ಅಂದ್ರಂತೆ, 'ಯವ್ವ ಒಂದು ಹಾಕಿ ನೋಡು' ಅಂತ ಹಾಕಿದ್ಲಂತೆ, ಹಾಕಿದ್ದನ್ನ ತೆಗಿ ಅನ್ನಕ್ಕೆ ಅತ್ತೆಗೆ ಬಾಯಿ ಬರಲಿಲ್ಲ. ಮುತ್ತೈದೆ ಕೈಯಿಂದ ತೊಟ್ಟ ಬಳೆ ವಾಪಸ್ ತೆಗೆದು ಕೊಡೋದು ನಮ್ಮ ಕಡೆ ಯಾರೂ ಮಾಡಲ್ಲ, ಮಾರೋರಿಗೂ ಇದು ಗೊತ್ತು. ಆರು ಬಳೆ ಏರಿತ್ತು. ದುಡ್ಡು ಕೊಡನ ಅಂತ ಅತ್ತೆ ಬಲಗೈಲಿ ಸಂಚಿ ತಡಕಿದ್ರು. ಸಂಚಿ ಇತ್ತು, ಪಕ್ಕದ ಪರ್ಸು ಇರ್ಲಿಲ್ಲ.

ಮೊದ್ಲು ನಾನು ಬಳೆಯೋಳ ಮೇಲೇ ಎಗರಿದೆ, ಅದನ್ನ ಇಲ್ಲಿ ಮುಚ್ಚಿಡಲ್ಲ. ಅವಳು ಒಂದು ಮಾತು ಎದುರಾಡ್ಲಿಲ್ಲ. ತನ್ನ ಬುಟ್ಟಿ ತಾನೇ ನೆಲಕ್ಕೆ ಸುರಿದ್ಲು, ಬಳೆ ಕಟ್ಟುಗಳು, ಪಿನ್ನಿನ ಶೀಟು, ಒಂದು ರೊಟ್ಟಿ ಗಂಟು, ಚಿಲ್ಲರೆ. ಸೆರಗು ಕೊಡವಿ ತೋರಿಸಿದ್ಲು, ಎರಡು ಕಟ್ಟು ಬಳೆ ಒಡೆದು ಹೋದ್ವು. ಆಮೇಲೆ ನಮ್ಮ ಜೊತೆ ಪಾರ್ಕಿಂಗ್ ಪೂರ್ತಿ ಸುತ್ತಿ, ಕಂಡೋರನ್ನೆಲ್ಲಾ ಕೇಳಿದ್ಲು. ಪಕ್ಕದ ಗಾಡಿ ಡ್ರೈವರು ಹೇಳಿದ್ರು, ಇಬ್ರು ಹುಡುಗ್ರು ಮರದ ಹಿಂದೆ ಫೋನಲ್ಲಿ ಮಾತಾಡ್ತಾ ನಿಂತಿದ್ರು, ಬೈಕ್ ಹತ್ತಿ ಹೋದ್ರು ಅಂತ. ಅದಕ್ಕೇ ಹೇಳ್ತಿದೀನಿ, ಮಾರೋರು ಬೇರೆ, ಕದಿಯೋರು ಬೇರೆ. ಬಿಸಿಲಲ್ಲಿ ಬುಟ್ಟಿ ಹೊತ್ತು ಬರೋರನ್ನ ಕಳ್ಳರ ಥರ ನೋಡ್ಬೇಡಿ. ಆದ್ರೆ ಮಾರೋರು ನಮ್ಮ ಎರಡೂ ಕೈ ಹಿಡಿದಿರೋ ಆ ಎರಡು ನಿಮಿಷನ ದೂರದಿಂದ ಇನ್ಯಾರೋ ನೋಡ್ತಿರ್ತಾರೆ.

ಪಾರ್ಕಿಂಗ್ ಚೀಟಿ ಕೊಟ್ಟಿದ್ದು ಪಾರ್ಕಿನೋರೇ, ಆದ್ರೆ ಮ್ಯಾನೇಜರ್ ಹತ್ರ ಹೋದ್ರೆ ಗೇಟಿನ ಹೊರಗಿಂದು ನಮ್ಮ ವ್ಯಾಪ್ತಿಗೆ ಬರಲ್ಲ ಅಂದ್ರು. ಕ್ಯಾಮೆರಾ ಕೇಳಿದ್ವಿ, ಟಿಕೆಟ್ ಕೌಂಟರ್ ಕಡೆ ಮಾತ್ರ ಇದೆಯಂತೆ. 112ಕ್ಕೆ ಫೋನ್ ಮಾಡಿದ್ವಿ, ಪೊಲೀಸ್ರು ಬಂದ್ರು, ಠಾಣೆಗೆ ಹೋಗಿ ದೂರು ಕೊಟ್ವಿ. ಆಗ ಕಲ್ತಿದ್ದು ಹೇಳ್ತೀನಿ, ನಿಮಗೆ ಬೇಕಾಗಬಹುದು. ಯಾರೋ ಪೊಲೀಸ್ರ ಇ-ಲಾಸ್ಟ್ ಆ್ಯಪಲ್ಲಿ ಹಾಕ್ಬಿಡಿ ಸಾಕು ಅಂದ್ರು. ಅದು ಕಳ್ಕಂಡಿದ್ದಕ್ಕೆ, ಕದ್ದಿದ್ದಕ್ಕಲ್ಲ, ಕಳ್ಳತನ ಆಗಿದ್ರೆ ಎಫ್ಐಆರೇ ಬೇಕು. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಳ್ಳತನ ಅದ್ರಲ್ಲಿ 303ನೇ ಸೆಕ್ಷನ್ನು, ಕೈಯಿಂದ ಕಿತ್ಕಂಡು ಓಡೋದು 304. ಊರಿಗೆ ವಾಪಸ್ ಬಂದ್ಮೇಲೆ ಗೊತ್ತಾದ್ರೂ ನಿಮ್ಮ ಹತ್ತಿರದ ಠಾಣೆಲೇ ಝೀರೋ ಎಫ್ಐಆರ್ ಕೊಡಬಹುದು, ಅವ್ರು ಅದನ್ನ ಅಲ್ಲಿಗೆ ಕಳಿಸ್ತಾರೆ.

ಫೋನ್ ವಿಷ್ಯದಲ್ಲಿ ಮೊದ್ಲ ಕೆಲ್ಸ ಸಿಮ್ ಬ್ಲಾಕ್ ಮಾಡಿಸೋದು, ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಸೋದು. ಫೋನಿಗೆ ಲಾಕ್ ಇದ್ರೂ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದ್ರೆ ಓಟಿಪಿ ಎಲ್ಲಾ ಅಲ್ಲಿಗೆ ಬರುತ್ತೆ, ಅದಕ್ಕೆ ಸಿಮ್ಮಿಗೇ ಬೇರೆ ಪಿನ್ ಹಾಕೋ ಸೆಟ್ಟಿಂಗ್ ಇದೆ, ಇವತ್ತೇ ಹಾಕ್ಕಳಿ. ದುಡ್ಡು ಹೋಗಿದ್ದು ಕಂಡ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆ ಸಹಾಯವಾಣಿ ಅದು. ಫೋನನ್ನೇ ಕೆಲ್ಸಕ್ಕೆ ಬಾರದ ಹಂಗೆ ಮಾಡಕ್ಕೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಸಿಇಐಆರ್ ಅಂತ ಇದೆ, ದೂರಿನ ಕಾಪಿ ಮತ್ತೆ ಐಎಂಇಐ, ಅಂದ್ರೆ ಆ ಫೋನಿನ ಗುರುತಿನ ನಂಬರ್ ಹಾಕಿದ್ರೆ ಆ ಹ್ಯಾಂಡ್ಸೆಟ್ ದೇಶದ ಯಾವ ನೆಟ್‌ವರ್ಕಲ್ಲೂ ನಡೆಯದ ಹಂಗೆ ಬ್ಲಾಕ್ ಮಾಡ್ತಾರೆ. ಐಎಂಇಐ ಫೋನಿನ ಬಾಕ್ಸ್ ಮೇಲೆ ಇರುತ್ತೆ, ಇಲ್ಲಾಂದ್ರೆ ಸ್ಟಾರ್ ಹ್ಯಾಷ್ 06 ಹ್ಯಾಷ್ ಒತ್ತಿದ್ರೆ ಬರುತ್ತೆ. ಫೋನ್ ಹೋದ್ಮೇಲೆ ಒತ್ತಕ್ಕಾಗಲ್ವಲ್ಲ, ಅದಕ್ಕೆ ಈಗಲೇ ಬರೆದಿಟ್ಕಳಿ. ನಮ್ಮ ಮೈದುನ ಬಾಕ್ಸ್ ಇಟ್ಟಿದ್ದಕ್ಕೆ ಬಚಾವ್. ಓಟಿಪಿ ಬರಕ್ಕೆ ಅದೇ ನಂಬರಿನ ಹೊಸ ಸಿಮ್ ಬೇಕಾಯ್ತು, ಹೊಸ ಸಿಮ್ಮಿಗೆ ಮೆಸೇಜ್ ಬರಕ್ಕೆ ಒಂದು ದಿನ ಹಿಡೀತು. ಜುಮುಕಿ ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ.

ಜುಮುಕಿಗಿಂತ ನನಗೆ ಇವತ್ತಿಗೂ ಸಂಕಟ ಆಗೋದು ಅತ್ತೆ ವಿಷ್ಯ. ವಾಪಸ್ ಬರೋವಾಗ ಗಾಡಿಲಿ ಯಾರೂ ಅವ್ರಿಗೆ ಒಂದು ಮಾತು ಅನ್ನಲಿಲ್ಲ, ಆದ್ರೂ ಅವ್ರು ಕಿಟಕಿ ಕಡೆ ಮುಖ ಮಾಡಿ ಕೂತಿದ್ರು. ಮನೆಗೆ ಬಂದು ಊಟ ಬೇಡ ಅಂದ್ರು. ರಾತ್ರಿ ನೋಡಿದ್ರೆ ಅಡುಗೆಮನೆ ಲೈಟ್ ಹಾಕ್ಕಂಡು ಸಂಚಿ ಪೂರ್ತಿ ಸುರುವಿ, ಸುಣ್ಣದ ಡಬ್ಬಿ ಕೂಡ ತೆಗೆದು ಹುಡುಕ್ತಿದ್ರು. ಅಲ್ಲಿ ಇರಲ್ಲ ಅಂತ ಅವ್ರಿಗೂ ಗೊತ್ತು. 'ನನ್ನ ನಂಬಿ ಕೊಟ್ಟಿದ್ಲಲ್ಲವ್ವ' ಅಂದ್ರು. ಎರಡು ತಿಂಗ್ಳ ಮೇಲೆ ತಮ್ಮ ಕೈಲಿದ್ದ ಒಂದು ಉಂಗುರ ಕರಗಿಸಿ ಮಗಳಿಗೆ ಓಲೆ ಮಾಡಿಸಿ ಕೊಡಕ್ಕೆ ಹೊರಟಿದ್ರು, ನಾದಿನಿ ಕಾಲು ಹಿಡ್ಕಂಡು 'ಅವ್ವ ಬೇಡ' ಅಂತ ನಿಲ್ಸಿದ್ಲು.

ಇದನ್ನ ನಾವೆಲ್ಲಾ ಮಾಡ್ತೀವಿ. ಪಾರ್ಕು, ಜಾತ್ರೆ, ಬಸ್ಟ್ಯಾಂಡು, ಮದುವೆ ಛತ್ರ, ಎಲ್ಲೇ ಹೋಗ್ಲಿ ಅಜ್ಜಿನೋ ತಾತನ್ನೋ ಒಂದು ಕಡೆ ಕೂರಿಸಿ ಬ್ಯಾಗೆಲ್ಲಾ ಅವ್ರ ಮುಂದೆ ಹಾಕಿ ಹೋಗ್ತೀವಿ. ಅವ್ರು ಎದ್ದು ಹೋಗಕ್ಕಾಗಲ್ಲ ಅಂತ ಮಾರೋರಿಗೂ ಗೊತ್ತು, ಕದಿಯೋರಿಗೂ ಗೊತ್ತು. ನಾವು ನಡೀತಾ ಇದ್ರೆ ಬೇಡ ಅಂತ ಮುಂದೆ ಹೋಗಬಹುದು, ಕೂತಿರೋರು ಎಲ್ಲಿಗೆ ಹೋಗ್ಬೇಕು? ಹತ್ತು ಜನ ಬಂದ್ರೆ ಹತ್ತು ಸಲ ಬೇಡ ಅನ್ಬೇಕು, ಹನ್ನೊಂದನೇಯವರಿಗೆ ಬೇಡ ಅನ್ನೋ ಶಕ್ತಿ ಇರಲ್ಲ. ಅದಕ್ಕೆ ಅವರವರ ಸಾಮಾನು ಅವರವರ ಮೈ ಮೇಲೆ, ಮಿಕ್ಕಿದ್ದು ಮನೇಲಿ. ಈ ಇಡೀ ರಿವ್ಯೂ ಬರೀತಿರೋದೇ ಈ ಒಂದು ಮಾತಿಗೆ.

ಈ ವರ್ಷ ಏಪ್ರಿಲ್‌ಲಿ ಮತ್ತೆ ಹೋದ್ವಿ, ಅದೇ ಪಾರ್ಕಿಗೆ. ಮಕ್ಕಳು ಬಿಡಬೇಕಲ್ಲ. ನಾನು ಹದಡಿ ರೋಡಲ್ಲಿ ಟೈಲರಿಂಗ್ ಮಾಡೋಳು, ಹೊರಡೋ ಹಿಂದಿನ ದಿನ ಕೂತು ಒಂಬತ್ತು ಸೊಂಟದ ಚೀಲ ಹೊಲಿದೆ. ಲೈಕ್ರಾ ಕಟ್ ಪೀಸು, ಏಳು ಇಂಚು ಅಗಲ, ನಾಲ್ಕೂವರೆ ಎತ್ತರ, ಒಂದಿಂಚಿನ ಎಲಾಸ್ಟಿಕ್. ಜಿಪ್ಪು ಹೊರಗಡೆ ಬರಬಾರ್ದು, ಮೈಗೆ ತಾಗೋ ಕಡೆ ಇರ್ಬೇಕು, ಮೇಲೆ ಬಟ್ಟೆ ಬಂದ್ರೆ ಇರೋದೇ ಗೊತ್ತಾಗಲ್ಲ. ಅಂಗಡಿಲಿ ಸಿಗೋ ಪೌಚಿಗೆ ಜಿಪ್ಪು ಮುಂದೇ ಇರುತ್ತೆ, ರಶ್ಶಲ್ಲಿ ಹಿಂದಿಂದ ಎಳೆದ್ರೆ ತಿಳಿಯಲ್ಲ. ನಮ್ಮ ಅಜ್ಜಿ ಕಾಲದೋರು ಲಂಗಕ್ಕೆ ಒಳಜೇಬು ಹಾಕಿಸ್ತಿದ್ರಲ್ಲ, ಅದೇ ಇದು. ಅತ್ತೆಗೆ ಮಾತ್ರ ಕಾಟನ್ನಲ್ಲಿ ಹೊಲಿದೆ, ಲೈಕ್ರಾ ಕಡಿಯುತ್ತೆ ಅಂದ್ರು. ದೊಡ್ಡೋರ ಚೀಲದಲ್ಲಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ನೋಟು, ಮಕ್ಕಳದ್ದರಲ್ಲಿ ನಮ್ಮ ನಂಬರ್ ಬರೆದ ಚೀಟಿ ಮತ್ತೆ ತಲಾ 50 ರೂಪಾಯಿ. ಈ ಐವತ್ತು ನಿಮ್ಮದು, ಏನ್ ಬೇಕಾದ್ರೂ ತಗೊಳ್ರಿ, ಆದ್ರೆ ಮನೆಗೆ ಹೊರಡೋವಾಗ ಮಾತ್ರ ಅಂತ ಹೇಳಿದ್ವಿ. ಮಕ್ಕಳು ಕೈ ಚಾಚೋದೇ ನಿಂತ್ಹೋಯ್ತು. ಗುಳ್ಳೆ ಗನ್ನಿನವ್ನು ಬಂದ್ರೆ ನನ್ನ ಮಗಳು 'ಈಗಲ್ಲ ಅಂಕಲ್, ನನ್ನ ದುಡ್ಡು ಸಂಜೆಗೆ' ಅಂದ್ಲು. ಚಿನ್ನ ಯಾರೂ ಹಾಕ್ಕಂಡು ಬರ್ಲಿಲ್ಲ, ನನ್ನ ತಾಳಿ ಸರ ಬಿಟ್ರೆ, ಅದನ್ನ ಜಾತ್ರೆಲಿ ಮಾಡೋ ಹಂಗೆ ಒಳಗೆ ಹಾಕಿ ಪಿನ್ ಹಾಕ್ಕಂಡಿದ್ದೆ.

ಅವತ್ತು ಬೆಳಿಗ್ಗೆ ತಂಪಲ್ಲೇ ಮೊದ್ಲು ದುರ್ಗದ ಕೋಟೆ ಹತ್ತಿದ್ವಿ. ಟಿಕೆಟ್ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಕೈಲಿ ಒಂದು ಕವರ್ ಇಲ್ದೆ ಕೋಟೆ ಹತ್ತೋದು ಎಷ್ಟು ಸುಖ ಅಂತ ಅವತ್ತು ಗೊತ್ತಾಯ್ತು. ಅಲ್ಲಿ ಕೋತಿಗಳ ಕಾಟ, ಪ್ಲಾಸ್ಟಿಕ್ ಕವರ್ ಸದ್ದಾದ್ರೆ ಸಾಕು ಇಳಿದು ಬರ್ತವೆ. ಓಬವ್ವನ ಕಿಂಡಿ ಹತ್ರ ಒಬ್ಬೊಬ್ರೇ ಬಗ್ಗಿ ನುಗ್ಗಬೇಕು, ಹಿಂದೆ ಫೋಟೋ ತೆಗೆಯೋರ ಗುಂಪು ಒತ್ತುತ್ತೆ, ಹಿಂದಿನ ಜೇಬಲ್ಲಿ ಫೋನ್ ಇಟ್ಕಂಡಿದ್ರೆ ಅಲ್ಲಿ ಹುಷಾರು. ಅತ್ತೆ ಏಕನಾಥೇಶ್ವರಿ ಗುಡಿವರೆಗೂ ಹತ್ತಿ ಬಂದ್ರು, ಎರಡೂ ಕೈ ಖಾಲಿ ಇದ್ದಿದ್ದಕ್ಕೆ ಮೊಣಕಾಲ ಮೇಲೆ ಊರ್ಕಂಡು ಹತ್ತಕ್ಕಾಯ್ತು.

ಪಾರ್ಕಲ್ಲಿ ಲಾಕರ್ ಅದೇ ಹಳೇವು, ರಿಪೇರಿ ಮಾಡಿಸಿಲ್ಲ. ಕೀನ ಅಕ್ಕಪಕ್ಕದ್ದಕ್ಕೆಲ್ಲಾ ಹಾಕಿ ನೋಡಿದ್ವಿ, ಬೇರೆ ಯಾವುದಕ್ಕೂ ತಿರುಗದಿರೋದು ಮೂರನೇ ಸಲ ಸಿಕ್ತು, ಅದನ್ನೇ ತಗೊಂಡ್ವಿ. ಕೌಂಟರಿನೋರು ಮುಖ ಸಿಂಡರಿಸಿದ್ರು, ಸಿಂಡರಿಸ್ಲಿ. ಇಡೀ ಗುಂಪಿಗೆ ಎರಡೇ ಫೋನ್ ತಂದಿದ್ವಿ, ಎರಡೂ ಅದ್ರೊಳಗೆ. ಒಳಗೆ ಒಂದು ಅಂಗಡಿಲಿ 20 ರೂಪಾಯಿ ಎಂಆರ್‌ಪಿ ಇರೋ ನೀರಿನ ಬಾಟ್ಲಿಗೆ 40 ಕೇಳಿದ್ರು. ಇದೂ ಕದಿಯೋದೇ ಅಂತ ನನ್ನ ಲೆಕ್ಕ. ಪ್ಯಾಕ್ ಮಾಡಿದ ಒಂದೇ ಮಾಲಿಗೆ ಜಾಗಕ್ಕೊಂದು ಎಂಆರ್‌ಪಿ ಹಾಕೋದನ್ನ 2018ರ ಜನವರಿಯಿಂದಲೇ ನಿಲ್ಸಿದಾರೆ, ಕೂರಿಸಿ ಬಡಿಸೋ ಹೋಟೆಲಿನ ಲೆಕ್ಕ ಬೇರೆ, ಕೌಂಟರಲ್ಲಿ ಕೈಗೆ ಕೊಡೋ ಅಂಗಡಿಯೋರು ಎಂಆರ್‌ಪಿ ಮೇಲೆ ತಗೊಳ್ಳಂಗಿಲ್ಲ. ನಮ್ಮನೆಯವರು ಜಗಳ ಮಾಡ್ಲಿಲ್ಲ, '40ಕ್ಕೆ ಬಿಲ್ ಕೊಡಿ, 1915ಕ್ಕೆ ಹೇಳ್ತೀವಿ' ಅಂದ್ರು. ಗ್ರಾಹಕರ ಸಹಾಯವಾಣಿ ನಂಬರ್ ಅದು. ಅವ್ನು 20 ಇಸ್ಕಂಡು ಬಾಟ್ಲಿ ಕೊಟ್ಟ. ರೈಡ್ ಇಳಿಯೋ ಕಡೆ ಕೇಳ್ದೆ ಫೋಟೋ ತೆಗೆದು ಪ್ರಿಂಟ್ ಹಿಡ್ಕಂಡು ನಿಲ್ತಾರೆ, ನಾವು ತೆಗೀರಿ ಅಂದಿಲ್ಲ ಅಂದ್ರೆ ಕೊಡ್ಬೇಕಾಗಿಲ್ಲ. ಫೋಟೋ ಕೈಗೆ ತಗೊಂಡು ನೋಡ್ಬೇಡಿ ಅಷ್ಟೇ.

ಆಟಗಳ ಬಗ್ಗೆ ಜಾಸ್ತಿ ಹೇಳಲ್ಲ, ಅಲೆ ಬರೋ ಕೊಳ ಚೆನ್ನಾಗಿದೆ, ನೀರು ಕ್ಲೀನಿತ್ತು, ಲೈಫ್‌ಗಾರ್ಡ್ ಹುಡುಗ್ರು ಮಕ್ಕಳನ್ನ ಚೆನ್ನಾಗಿ ನೋಡ್ಕಂಡ್ರು, ಅವ್ರಿಗೆ ಬೇಕಾದ್ರೆ ಐದು ಸ್ಟಾರ್ ಕೊಡ್ತೀನಿ. ಈ ಸಲ ಅತ್ತೆಗೂ ಟಿಕೆಟ್ ತಗೊಂಡಿದ್ವಿ. ಪುಟಾಣಿ ರೈಲಲ್ಲಿ ಮೊಮ್ಮಕ್ಕಳ ಜೊತೆ ಮೂರು ಸುತ್ತು ಹೋದ್ರು, ಮೂರನೇ ಸುತ್ತಿಗೆ ಮಕ್ಕಳು ಬೇಡ ಅಂದ್ರೂ ಇವರೊಬ್ರೇ ಹತ್ತಿದ್ರು.

ಸಂಜೆ ಹೊರಗೆ ಬಂದಾಗ ಆ ಬಳೆ ಹೆಣ್ಮಗಳು ಅದೇ ಮರದ ಹತ್ರ ಇದ್ಲು. ನಮ್ಮ ಗುರ್ತು ಹಿಡಿದು ದೂರದಲ್ಲೇ ನಿಂತ್ಲು, ಹತ್ರ ಬರ್ಲಿಲ್ಲ. ಅತ್ತೆನೇ ಕರೆದ್ರು. ನೆಲದ ಮೇಲೆ ಕೂತು, ಹಸಿರು ಗಾಜಿನ ಬಳೆ ಎರಡೂ ಕೈಗೆ ತೊಡಿಸ್ಕಂಡ್ರು, ಒಂದು ಡಜನ್, 60 ರೂಪಾಯಿ. ನಾನು ಹಿಂದೆ ನಿಂತಿದ್ದೆ. ದುಡ್ಡು ನಾನು ಕೊಡ್ತೀನಿ ಅಂದ್ರೆ ಬೇಡ ಅಂದ್ರು, ಪಕ್ಕಕ್ಕೆ ತಿರುಗಿ ಸೊಂಟದ ಚೀಲದಿಂದ ನೂರರ ನೋಟು ತೆಗೆದು ಕೊಟ್ಟು, 'ಹೋದ ಸಲ ನಿನ್ನ ಬಳೆ ಒಡೆದಿದ್ವಲ್ಲವ್ವ, ಚಿಲ್ರೆ ಇಟ್ಕ' ಅಂದ್ರು.